ಅಮೈಲೇಸಮ್ಮನ ಉಗುಳು

ಜೀವರಸಾಯನ ವಿಭಾಗದಲ್ಲಿ ಹತ್ತೊಂಬತ್ತು ವರ್ಷಗಳಿಂದ ಕಿಣ್ವ ಎಂದರೆ ಲ್ಯಾಬಿನ ಅಟೆಂಡರ್ ಹೆಂಗಸಿನ ಉಗುಳು. ಕಾಗದದ ಮೇಲೆ ಎಲ್ಲೂ ಹಾಗೆ ಬರೆದಿರಲಿಲ್ಲ. ಕಾಗದದ ಪ್ರಕಾರ ಕಿಣ್ವ ಪುಟ್ಟ ಸೀಸೆಯಲ್ಲಿ ಬರಬೇಕು, ಮಂಜುಗಡ್ಡೆಯ ಜೊತೆ ಬರಬೇಕು, ಬಂದ ಕೂಡಲೇ ಫ್ರಿಜ್ಜು ಸೇರಬೇಕು. ಬೇಡಿಕೆ ಪತ್ರ ಕಳಿಸಿ ಸೀಸೆ ಬರುವ ಹೊತ್ತಿಗೆ ಆ ವರ್ಷದ ಮಕ್ಕಳು ಪಾಸಾಗಿ ಹೋಗಿರುತ್ತಿದ್ದರು. ಮಂಜುಗಡ್ಡೆ ದಾರಿಯಲ್ಲಿ ಎಲ್ಲಿ ಕರಗಿತೋ ಯಾರಿಗೂ ಗೊತ್ತಿರುತ್ತಿರಲಿಲ್ಲ. ಇನ್ನು ಫ್ರಿಜ್ಜು ಇದ್ದದ್ದು ಮುಖ್ಯಸ್ಥರ ಕೋಣೆಯಲ್ಲಿ. ಅದರ ಮೂರು ಅಂಕಣಗಳಲ್ಲಿ ಅವರ ಮೊಸರಿನ ಡಬ್ಬಿ, ಕಣ್ಣಿಗೆ ಹಾಕುವ ಹನಿ ಮತ್ತು ಮಗಳ ಮದುವೆಯಲ್ಲಿ ಉಳಿದ ಕೇಕಿನ ತುಂಡು ಗೌರವದಿಂದ ಕುಳಿತಿದ್ದವು. ಕಿಣ್ವಕ್ಕೆ ಜಾಗವಿರಲಿಲ್ಲ.

ಅವಳು ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಪರೀಕ್ಷೆಯ ದಿನ ಒಂದು ಫಜೀತಿ ನಡೆದಿತ್ತು. ಉಗುಳು ಕೊಡಬೇಕಾಗಿದ್ದ ವಿದ್ಯಾರ್ಥಿ ಕುದಿಕುದಿಯುವ ಚಹಾ ಕುಡಿದು ಬಂದಿದ್ದ. ಅವನ ಉಗುಳು ಏನೂ ಮಾಡಲಿಲ್ಲ. ಹೊರಗಿನಿಂದ ಬಂದ ಪರೀಕ್ಷಕರು ಪೆನ್ನಿನಿಂದ ಮೇಜು ಕುಟ್ಟುತ್ತ ಕುಳಿತಿದ್ದರು. ಸಿಂಕಿನ ಹತ್ತಿರ ಗಾಜಿನ ನಳಿಗೆ ತೊಳೆಯುತ್ತಿದ್ದ ಅವಳು, "ನಾನು ಕೊಡ್ಲಾ ಸಾರ್?" ಎಂದಳು. ಯಾರೂ ಬೇಡ ಎನ್ನಲಿಲ್ಲ. ಕೊಟ್ಟಳು. ಅಯೋಡಿನ್ ಬಿದ್ದ ಪಿಷ್ಟದ ನೀಲಿ ನಾಲ್ಕೇ ನಿಮಿಷದಲ್ಲಿ ಮಾಯವಾಯಿತು. ಅಂದಿನಿಂದ ಆ ಕೆಲಸ ಅವಳ ಪಾಲಿಗೆ ಬಂತು. ಉಗುಳಿನಲ್ಲಿದ್ದು ಪಿಷ್ಟವನ್ನು ಒಡೆದು ಸಕ್ಕರೆ ಮಾಡುವ ಕಿಣ್ವದ ಹೆಸರು ಅಮೈಲೇಸ್. ಮಕ್ಕಳು ಅವಳಿಗೆ ಅಮೈಲೇಸಮ್ಮ ಎಂದು ಹೆಸರಿಟ್ಟರು. ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯಿತು.

ಅಮೈಲೇಸಮ್ಮನಿಗೆ ತನ್ನ ಉಗುಳಿನ ಬಗ್ಗೆ ಒಂದು ಹೆಮ್ಮೆಯಿತ್ತು. ಪ್ರಯೋಗದ ದಿನ ಬರಿಹೊಟ್ಟೆಯಲ್ಲಿ ಬರುವಳು. ಮೂರು ಸಲ ಬಾಯಿ ಮುಕ್ಕಳಿಸಿ, ಒಂದು ಚೂರು ಮೇಣ ಅಗಿದು, ಬಾಯಲ್ಲಿ ನೀರೂರಿಸಿಕೊಂಡು, ಹತ್ತಿಯಿಟ್ಟ ಆಲಿಕೆಯ ಮೂಲಕ ಬೀಕರಿಗೆ ಇಳಿಸಿ, ಅಳೆದು ನೀರು ಬೆರೆಸುವಳು. ಮಕ್ಕಳು ಪ್ರತಿ ನಿಮಿಷಕ್ಕೊಂದು ಹನಿ ತೆಗೆದು ಬಿಳಿ ತಟ್ಟೆಯ ಗುಳಿಗಳಲ್ಲಿದ್ದ ಅಯೋಡಿನ್‌ಗೆ ಬಿಡುವರು. ಮೊದಲ ಗುಳಿ ಕಡುನೀಲಿ, ಎರಡನೆಯದು ನೇರಳೆ, ಮೂರನೆಯದು ಕಂದು, ನಾಲ್ಕನೆಯದು ಬರೀ ಅಯೋಡಿನ್ನಿನ ಹಳದಿ. ನೀಲಿ ಹೋಯಿತೆಂದರೆ ಪಿಷ್ಟ ಹೋಯಿತೆಂದು ಅರ್ಥ. ಹಳದಿ ಕಂಡಾಗ ಅವಳು ಸೆರಗಿಗೆ ಕೈ ಒರೆಸಿಕೊಳ್ಳುವ ರೀತಿ ನೋಡಬೇಕಿತ್ತು. ಹತ್ತು ಜನಕ್ಕೆ ಊಟ ಬಡಿಸಿ ಮುಗಿಸಿದವಳ ಹಾಗೆ.

ಪಾಠವೂ ಅವಳ ಕಿವಿಗೆ ಬೀಳುತ್ತಿತ್ತು. ಲ್ಯಾಬಿಗೂ ತರಗತಿಗೂ ನಡುವೆ ಇದ್ದದ್ದು ಒಂದು ಮರದ ಹಲಗೆ ಅಷ್ಟೆ. ಮುಖ್ಯಸ್ಥರು ಅಂಚು ಮಡಿದು ಪುಡಿಯಾಗುತ್ತಿದ್ದ ನೋಟ್‌ಬುಕ್ ಹಿಡಿದು, "ಪ್ರತಿಬಂಧಕ ಎಂದರೆ, ಅಲ್ಪವಿರಾಮ, ಕಿಣ್ವದ ಕ್ರಿಯೆಯನ್ನು ಪ್ರತಿಬಂಧಿಸುವ ವಸ್ತು, ಪೂರ್ಣವಿರಾಮ" ಎಂದು ಬರೆಸುವರು. ಹತ್ತೊಂಬತ್ತು ವರ್ಷದಲ್ಲಿ ಅಲ್ಪವಿರಾಮ ಕೂಡ ಜಾಗ ಬದಲಿಸಿರಲಿಲ್ಲ. ನಾಲ್ಕು ವರ್ಷದ ಹಿಂದೆ ಕೆಲಸಕ್ಕೆ ಬಂದ ಕಿರಿಯ ಉಪನ್ಯಾಸಕಿ, ಎಲ್ಲರೂ ಚಿಕ್ಕ ಮೇಡಂ ಎನ್ನುವವಳು, ಅದನ್ನೇ ಬಿಡಿಸಿ ಬಿಡಿಸಿ ಹೇಳುವಳು. ಅವಳು ಹೇಳಿದ ಮೇಲೆಯೇ ಅಮೈಲೇಸಮ್ಮನಿಗೆ ವಿಷಯ ತಲೆಗೆ ಹೋದದ್ದು. ಮನೆಗೆ ಬಂದು ಗಂಡನಿಗೆ ಹೇಳಿದಳು. ಗಂಡ ದರ್ಜಿ, ಮನೆಯ ಮುಂಗೋಣೆಯಲ್ಲೇ ಹೊಲಿಗೆ ಮಷಿನ್ನು.

"ನಿಮ್ಮ ಕತ್ತರಿ ಕಿಣ್ವ ಅನ್ಕೊಳ್ಳಿ. ಪಿಷ್ಟ ಅಂದ್ರೆ ಥಾನು ಬಟ್ಟೆ. ಕತ್ತರಿಸಿ ಕತ್ತರಿಸಿ ತುಂಡು ಮಾಡುತ್ತೆ."

"ಸರಿ."

"ಈಗ ಬಟ್ಟೆ ಥರಾನೇ ಕಾಣೋ ಒಂದು ರೆಕ್ಸಿನ್ ತುಂಡು ಬಂದು ಅಲಗಿನ ಮಧ್ಯ ಸಿಕ್ಕೊಳ್ತು. ಕತ್ತರಿಸೋಕೂ ಆಗಲ್ಲ, ಸಲೀಸಾಗಿ ಈಚೆಗೂ ಬರಲ್ಲ. ಅದು ಸ್ಪರ್ಧೆಗೆ ಬಿದ್ದ ಪ್ರತಿಬಂಧಕ. ಆದ್ರೆ ಬಟ್ಟೆ ರಾಶಿ ರಾಶಿ ತಂದು ತುರುಕಿದ್ರೆ ಸಲ್ಪ ಹೊತ್ತಿಗೆ ಬಟ್ಟೆದೇ ಮೇಲುಗೈ."

"ಬೇರೆ ಜಾತಿಯದೂ ಇದೆಯಾ?"

"ಅದು ಅಲಗಿನ ತಂಟೆಗೇ ಬರಲ್ಲ. ಹಿಂದೆ ಹೋಗಿ ತಿರುಪು ಸಡಿಲ ಮಾಡುತ್ತೆ. ಆಮೇಲೆ ಎಷ್ಟು ಬಟ್ಟೆ ತಂದ್ರೂ ಅಷ್ಟೇ."

ಗಂಡ ಕತ್ತರಿಯ ತಿರುಪನ್ನು ಒಮ್ಮೆ ಮುಟ್ಟಿ ನೋಡಿಕೊಂಡ. "ನಿನ್ನ ಆ ಸಾರ್‌ಗೆ ಇದು ಗೊತ್ತಾ?" ಎಂದು ಕೇಳಿದ.

"ಅವ್ರಿಗೆ ಬರೆಸೋದು ಗೊತ್ತು" ಎಂದಳು ಅವಳು.

ಐವತ್ತೊಂದನೆಯ ವಯಸ್ಸಿಗೆ ಅಮೈಲೇಸಮ್ಮನಿಗೆ ಬಾಯಾರಿಕೆ ಹೆಚ್ಚಾಯಿತು, ಕಾಲು ಜೋಮು ಹಿಡಿಯತೊಡಗಿತು. ರಕ್ತ ಪರೀಕ್ಷೆ ಮಾಡಿಸಿದರೆ ಸಕ್ಕರೆ ಕಾಯಿಲೆ. ಊಟವಾದ ಮೇಲೆ ಸಕ್ಕರೆ ಸರ್ರನೆ ಏರುತ್ತದೆಂದು ಡಾಕ್ಟರು ಒಂದು ಮಾತ್ರೆ ಬರೆದುಕೊಟ್ಟರು. ದಿನಕ್ಕೆ ಮೂರು, ಪ್ರತಿ ಊಟದ ಮೊದಲ ತುತ್ತಿನ ಜೊತೆ ಚೆನ್ನಾಗಿ ಅಗಿದು ನುಂಗಬೇಕು. ಅವಳು ಹೆಸರು ಓದಲಿಲ್ಲ, ಅಗಿದು ನುಂಗಿದಳು. ಕಾಲೇಜಿನಲ್ಲಿ ಯಾರಿಗೂ ಹೇಳಲೂ ಇಲ್ಲ. ಕಾಯಿಲೆಯವಳ ಉಗುಳು ಎಂದು ಯಾರಾದರೂ ಮೂಗು ಮುರಿದಾರೆಂಬ ಅಳುಕು ಅವಳಿಗೆ.

ಮಾತ್ರೆ ಶುರುವಾಗಿ ಎಂಟನೆಯ ದಿನಕ್ಕೆ ತಪಾಸಣಾ ಸಮಿತಿ ಬಂತು.

ವಿಭಾಗಕ್ಕೆ 'ಉತ್ಕೃಷ್ಟ' ಎಂಬ ದರ್ಜೆ ಕೊಡಬೇಕೋ ಬೇಡವೋ ಎಂದು ನೋಡಲು ಬಂದ ಸಮಿತಿ ಅದು. ಮೂರು ಜನ. ಅಧ್ಯಕ್ಷರು ಸೇತುವೆ ಕಟ್ಟುವ ಶಾಸ್ತ್ರದಲ್ಲಿ ಪಂಡಿತರು. ಉಳಿದ ಇಬ್ಬರಲ್ಲಿ ಒಬ್ಬರು ಇತಿಹಾಸ, ಇನ್ನೊಬ್ಬರು ಅಧ್ಯಕ್ಷರು ಹೇಳಿದ್ದಕ್ಕೆ ತಲೆಯಾಡಿಸುವವರು. ಮುಖ್ಯಸ್ಥರು ಒಂದು ವಾರದಿಂದ ಕಾಲು ನೆಲಕ್ಕಿಟ್ಟಿರಲಿಲ್ಲ. ಗೋಡೆಗೆ ಸುಣ್ಣವಾಯಿತು, ಫ್ರಿಜ್ಜಿನಿಂದ ಕೇಕು ಹೊರಬಿತ್ತು, ಹಲಗೆಯ ಮೇಲೆ 'ಕಿಣ್ವ ಪ್ರತಿಬಂಧ: ಒಂದು ಪ್ರಾತ್ಯಕ್ಷಿಕೆ' ಎಂದು ಬಣ್ಣದ ಅಕ್ಷರ ಮೂಡಿತು. ಎರಡು ನಳಿಗೆ. ಮೊದಲನೆಯದರಲ್ಲಿ ಪಿಷ್ಟ ಮತ್ತು ಉಗುಳು: ನೀಲಿ ಹೋಗಬೇಕು. ಎರಡನೆಯದರಲ್ಲಿ ಅವೆರಡರ ಜೊತೆಗೆ ಒಂದು ಭಾರಲೋಹದ ದ್ರಾವಣ, ಅಂದರೆ ಪ್ರತಿಬಂಧಕ: ನೀಲಿ ಉಳಿಯಬೇಕು. ಎರಡು ದಿನ ಬೆಳಿಗ್ಗೆ ಎಂಟಕ್ಕೆ ತಾಲೀಮು ನಡೆಯಿತು. ಅಮೈಲೇಸಮ್ಮ ಬರಿಹೊಟ್ಟೆಯಲ್ಲಿದ್ದಳು. ಎರಡೂ ದಿನ ಎಲ್ಲವೂ ಗಡಿಯಾರದ ಹಾಗೆ ನಡೆಯಿತು.

ಸಮಿತಿ ಬೆಳಿಗ್ಗೆ ಒಂಬತ್ತಕ್ಕೆ ಬರಬೇಕಿತ್ತು. ಹತ್ತಾಯಿತು, ಬರಲಿಲ್ಲ. ತೆಗೆದಿಟ್ಟ ಉಗುಳನ್ನು ಹಳಸೀತೆಂದು ಚೆಲ್ಲಿದರು. ಹನ್ನೊಂದೂವರೆಯಾಯಿತು. ಅಮೈಲೇಸಮ್ಮ ಹಸಿವು ತಡೆಯಲಾಗದೆ ಮೂಲೆಯ ಸ್ಟೂಲಿನ ಮೇಲೆ ಕೂತು, ಬ್ರೆಡ್ಡಿನ ಡಬ್ಬಿ ಬಿಚ್ಚಿ, ಮೊದಲ ತುತ್ತಿಗೆ ಮಾತ್ರೆ ಸೇರಿಸಿ ಅಗಿಯುತ್ತಿದ್ದಾಗಲೇ ಕಾರಿಡಾರಿನಲ್ಲಿ ಬೂಟುಗಳ ಸದ್ದು. ಮುಖ್ಯಸ್ಥರು ಓಡಿಬಂದರು.

"ಏನಮ್ಮ, ಬೇಗ. ಬಂದೇಬಿಟ್ರು."

"ಸಾರ್, ಬಾಯಿ ಮುಕ್ಕಳಿಸಿಕೊಂಡು..."

"ಮುಕ್ಕಳಿಸೋಕೆ ಟೈಮಿಲ್ಲ. ಉಗಿ."

ಉಗಿದಳು.

ಮುಖ್ಯಸ್ಥರು ಭಾಷಣ ಮಾಡುತ್ತ ಪ್ರಯೋಗ ಶುರುಮಾಡಿದರು. ಒಂದನೆಯ ನಿಮಿಷ ಎರಡೂ ನಳಿಗೆಯ ಹನಿ ನೀಲಿ. ಎರಡನೆಯ ನಿಮಿಷ ನೀಲಿ. ನಾಲ್ಕನೆಯ ನಿಮಿಷ, ಎಲ್ಲರೂ ಬಗ್ಗಿ ನೋಡಿದರು, ಅಚ್ಚ ನೀಲಿ. ಎಂಟನೆಯ ನಿಮಿಷಕ್ಕೂ ಬಿಳಿ ತಟ್ಟೆಯ ತುಂಬ ನೀಲಿ ಚುಕ್ಕೆಗಳು ಸಾಲಾಗಿ ಕೂತಿದ್ದವು. ಹತ್ತೊಂಬತ್ತು ವರ್ಷದಲ್ಲಿ ಹೀಗಾಗಿರಲಿಲ್ಲ. ಮುಖ್ಯಸ್ಥರು ತಮ್ಮ ಉಗುಳನ್ನು ತಾವೇ ನುಂಗಿಕೊಂಡರು.

"ಇದರಲ್ಲಿ ಪ್ರತಿಬಂಧಕ ಹಾಕಿರೋದು ಯಾವುದು?" ಎಂದು ಅಧ್ಯಕ್ಷರು ಕೇಳಿದರು.

ಮುಖ್ಯಸ್ಥರ ಮುಖದ ಮೇಲೆ ಒಂದು ಕಳೆ ಬಂತು. "ಎರಡರಲ್ಲೂ ಸಾರ್" ಎಂದರು. "ಎರಡನೇದರಲ್ಲಿ ಎಲ್ಲರಿಗೂ ಗೊತ್ತಿರೋ ಲೋಹದ ಪ್ರತಿಬಂಧಕ. ಮೊದಲನೇದರಲ್ಲಿ ಇರೋದು ನೈಸರ್ಗಿಕ ಪ್ರತಿಬಂಧಕ. ನಮ್ಮ ವಿಭಾಗದ್ದೇ ಸಂಶೋಧನೆ."

"ಯಾವ ಪದಾರ್ಥ ಅದು?"

"ಅದನ್ನ ಈಗಲೇ ಹೇಳೋ ಹಾಗಿಲ್ಲ ಸಾರ್. ಸಂಶೋಧನೆ ನಡೀತಾ ಇದೆ."

ಚಿಕ್ಕ ಮೇಡಂ ಕಿಟಕಿಯ ಕಡೆ ತಿರುಗಿ ಕೆಮ್ಮಿದಳು. ಅಧ್ಯಕ್ಷರಿಗೆ ಸಂತೋಷವಾಯಿತು. ಎರಡೂ ಸಾಲು ಒಂದೇ ಬಣ್ಣದಲ್ಲಿದ್ದದ್ದು ಅವರಿಗೆ ಬಹಳ ಹಿಡಿಸಿತು. ಸೇತುವೆಯ ಎರಡು ಕಂಬ ಒಂದೇ ಎತ್ತರವಿರಬೇಕೆಂದು ನಂಬಿ ಬದುಕಿದ ಮನುಷ್ಯ ಅವರು. ಇತಿಹಾಸದವರು 'ನೈಸರ್ಗಿಕ' ಎಂಬ ಪದವನ್ನು ಪುಸ್ತಕದಲ್ಲಿ ಬರೆದುಕೊಂಡು ಕೆಳಗೆ ಎರಡು ಗೀಟು ಹಾಕಿದರು. ತಲೆಯಾಡಿಸುವವರು ತಲೆಯಾಡಿಸಿದರು. ವಿಭಾಗಕ್ಕೆ ಉತ್ಕೃಷ್ಟ ದರ್ಜೆ ಸಿಕ್ಕಿತು.

ಅಮೈಲೇಸಮ್ಮ ಸಿಹಿ ಹಂಚುವಲ್ಲಿಗೆ ಹೋಗಲಿಲ್ಲ. ಲ್ಯಾಬು ಖಾಲಿಯಾದ ಮೇಲೆ ಮೂರು ಸಲ ಬಾಯಿ ಮುಕ್ಕಳಿಸಿ, ಒಂದು ಗಂಟೆ ಕಾದು, ಮತ್ತೆ ಉಗುಳು ತೆಗೆದು ತಾನೇ ಪ್ರಯೋಗ ಮಾಡಿದಳು. ನಾಲ್ಕು ನಿಮಿಷಕ್ಕೆ ಹಳದಿ. ಅವಳಿಗೆ ಹೋದ ಜೀವ ಬಂತು. ಹಾಗಾದರೆ ಮಧ್ಯಾಹ್ನ ಏನಾಗಿತ್ತು? ಬ್ರೆಡ್ಡೇ? ಬ್ರೆಡ್ಡು ಅಗಿದು ಉಗಿದಳು. ಸ್ವಲ್ಪ ತಡವಾದರೂ ಹಳದಿ ಬಂತು. ಉಳಿದದ್ದು ಮಾತ್ರೆ. ಸಂಜೆಯ ತಿಂಡಿಯ ಜೊತೆ ಮಾತ್ರೆ ಅಗಿದು ಉಗಿದು ನೋಡಿದಳು. ನೀಲಿ, ನೀಲಿ, ನೀಲಿ. ಅಷ್ಟರಲ್ಲಿ ಒಳಗೆ ಬಂದ ಚಿಕ್ಕ ಮೇಡಂ ತಟ್ಟೆಯನ್ನೂ ಮಾತ್ರೆಯ ಪಟ್ಟಿಯನ್ನೂ ನೋಡಿದಳು.

"ಇದೇನು ಅಮ್ಮ, ನಿಮಗೆ ಶುಗರ್ರಾ? ನಂಗೆ ಹೇಳೇ ಇಲ್ಲ."

"ಹೇಳೋಕೆ ಮನಸ್ಸಾಗ್ಲಿಲ್ಲ ಮೇಡಂ."

ಚಿಕ್ಕ ಮೇಡಂ ಪಟ್ಟಿಯನ್ನು ಬೆಳಕಿಗೆ ಹಿಡಿದು ಓದಿದಳು: ಅಕಾರ್ಬೋಸ್. ಓದಿ, ಸ್ಟೂಲಿನ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಪಠ್ಯಪುಸ್ತಕ ತೆಗೆದು ತೋರಿಸಿದಳು. "ನೋಡಿ. ಪಿಷ್ಟದ ಥರ ವೇಷ ಹಾಕಿ ಅಮೈಲೇಸ್ ಒಳಗೆ ಹೋಗಿ ಕೂತ್ಕೊಳ್ಳೋದೇ ಇದರ ಕೆಲಸ. ನೀವು ತಿಂದ ಅನ್ನ ಬೇಗ ಸಕ್ಕರೆ ಆಗಬಾರದು ಅಂತಲೇ ಡಾಕ್ಟ್ರು ಕೊಟ್ಟಿರೋದು. ಹೊಟ್ಟೆಯಲ್ಲಿ ಮಾಡಬೇಕಾದ ಕೆಲಸಾನ ನಿಮ್ಮ ಬಾಯಲ್ಲೇ ಶುರು ಮಾಡಿದೆ, ಅಷ್ಟೆ."

"ಹಾಗಾದ್ರೆ ನನ್ನ ಉಗುಳಲ್ಲಿ ದೋಷ ಇಲ್ಲ?"

"ಒಂದು ಚೂರೂ ಇಲ್ಲ."

ಅದೇ ಪುಟ ಮುಖ್ಯಸ್ಥರ ನೋಟ್‌ಬುಕ್ಕಿನಲ್ಲಿ ಇರಲಿಲ್ಲ. ಅವರು ನೋಟ್ಸು ಬರೆದುಕೊಂಡ ಮೇಲೆ ಪುಸ್ತಕಕ್ಕೆ ಆ ಪುಟ ಸೇರಿತ್ತು.

ಮರುದಿನ ಅವಳು ಮುಖ್ಯಸ್ಥರ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವರು ಕುರ್ಚಿ ತೋರಿಸಿದರು.

"ಈ ವಿಷಯ ಇನ್ಯಾರಿಗೆ ಗೊತ್ತು?"

"ಚಿಕ್ಕ ಮೇಡಂಗೆ. ನಮ್ಮ ಮನೆಯವರಿಗೆ."

ಮುಖ್ಯಸ್ಥರು ಮಾತ್ರೆಯ ಜೊತೆಗಿದ್ದ ಮಡಿಕೆ ಕಾಗದವನ್ನು ತುಂಬ ಹೊತ್ತು ಓದಿದರು. ಓದುತ್ತ ಓದುತ್ತ ಹುಬ್ಬು ಮೇಲೇರಿತು. "ಇದನ್ನ ಮಾಡೋದು ಮಣ್ಣಲ್ಲಿರೋ ಬ್ಯಾಕ್ಟೀರಿಯಾ. ಮಣ್ಣು ನಿಸರ್ಗ ಅಲ್ವೇನಮ್ಮ?"

"ಮಣ್ಣು ನಿಸರ್ಗವೇ ಸಾರ್. ಮಾತ್ರೆ ಅಂಗಡಿಯದು."

"ಹಾಗಿದ್ರೆ ನಾನು ಹೇಳಿದ್ದು ಸುಳ್ಳಲ್ಲ" ಎಂದು ಅವರು ಕಾಗದವನ್ನು ಮಡಿಚಿ ಜೇಬಿಗಿಟ್ಟುಕೊಂಡರು.

ತಿಂಗಳೊಳಗೆ 'ಮಾನವ ಲಾಲಾರಸದಲ್ಲಿ ನೈಸರ್ಗಿಕ ಪ್ರತಿಬಂಧಕ' ಎಂಬ ಯೋಜನೆ ಮಂಜೂರಾಯಿತು. ಬಾಗಿಲಿಗೆ ಹಿತ್ತಾಳೆಯ ಫಲಕ ಬಂತು. ಅಮೈಲೇಸಮ್ಮ ದಿನಾ ಬೆಳಿಗ್ಗೆ ಮುಖ್ಯಸ್ಥರ ಎದುರಿನಲ್ಲೇ ಮಾತ್ರೆ ಅಗಿದು, ಮುಕ್ಕಳಿಸದೆ ಉಗಿಯಬೇಕೆಂದು ಆಜ್ಞೆಯಾಯಿತು. ಆ ಉಗುಳಿಗೆ ಫ್ರಿಜ್ಜಿನಲ್ಲಿ ಮೊಸರಿನ ಪಕ್ಕ ಜಾಗ ಸಿಕ್ಕಿತು. ಅವಳ ಉಗುಳೆಲ್ಲ ಸಂಶೋಧನೆಗೆ ಮೀಸಲಾದ್ದರಿಂದ ಎರಡನೆಯ ವರ್ಷದ ಮಕ್ಕಳಿಗೆ ಕಿಣ್ವವೇ ಇಲ್ಲದಾಯಿತು. ಅವರು ಹಳೆಯ ವಿದ್ಯಾರ್ಥಿಗಳ ರೆಕಾರ್ಡಿನಿಂದ ನಾಲ್ಕು ನಿಮಿಷ ಎಂದು ನಕಲು ಮಾಡಿಕೊಂಡು ಸಹಿ ಹಾಕಿಸಿದರು. ಯಾರಿಗೂ ತೊಂದರೆಯಾಗಲಿಲ್ಲ.

ಯೋಜನೆಯನ್ನು ನೋಡಲು ಬೇರೆ ವಿಶ್ವವಿದ್ಯಾಲಯದಿಂದ ಒಬ್ಬ ತಜ್ಞೆ ಬರುತ್ತಾರೆಂದು ಪತ್ರ ಬಂತು. ನಲವತ್ತು ವರ್ಷ ಕಿಣ್ವಗಳನ್ನೇ ಅರೆದು ಕುಡಿದ ಹೆಂಗಸು. ಪ್ರತಿಬಂಧಕ ಇಲ್ಲದ ಉಗುಳನ್ನೂ ಪಕ್ಕದಲ್ಲಿಟ್ಟು ಹೋಲಿಸಿ ತೋರಿಸಿ ಎಂದು ಅವರು ಬರೆದಿದ್ದರು. ಮುಖ್ಯಸ್ಥರು ಅಮೈಲೇಸಮ್ಮನನ್ನು ಕರೆಸಿದರು.

"ಒಂದು ತಿಂಗಳು ಮಾತ್ರೆ ಬಿಡಬೇಕಾಗುತ್ತಮ್ಮ."

"ಬಿಟ್ರೆ ಸಕ್ಕರೆ ಏರುತ್ತೆ ಸಾರ್."

"ವಿಜ್ಞಾನಕ್ಕೋಸ್ಕರ ಸ್ವಲ್ಪ ಸಹಿಸ್ಕೋಬೇಕು. ಒಂದು ತಿಂಗಳು ತಾನೆ?"

ಅಮೈಲೇಸಮ್ಮ ಅವರ ಮುಖವನ್ನೇ ನೋಡಿದಳು. ಈ ಮನುಷ್ಯನಿಗೆ ತನ್ನ ಕಾಲಿನ ಜೋಮು ಕಾಣುವುದಿಲ್ಲ, ಅದು ಹೋಗಲಿ, ತಾನು ಬರೆಸುವ ಪಾಠವೂ ಕಾಣುವುದಿಲ್ಲವಲ್ಲ ಎನ್ನಿಸಿತು. ಸಿಟ್ಟಿಗಿಂತ ಬೇಸರವೇ ಹೆಚ್ಚಾಯಿತು.

"ಬಿಡಲ್ಲ ಸಾರ್" ಎಂದಳು. "ಬಿಡೋ ಅಗತ್ಯವೂ ಇಲ್ಲ. ಈ ಮಾತ್ರೆ ಬಹಳ ಮಟ್ಟಿಗೆ ರಕ್ತಕ್ಕೆ ಹೋಗಲ್ಲ, ಕರುಳಲ್ಲೇ ಇರುತ್ತೆ. ಬಾಯಲ್ಲಿ ಉಳಿದಿರೋದು ಮುಕ್ಕಳಿಸಿದ್ರೆ ಹೋಗುತ್ತೆ. ಒಂದು ಗಂಟೆ ಬಿಟ್ಟು ಬರೋ ಉಗುಳು ಎಂದಿನ ಉಗುಳೇ."

"ಯಾರು ಹೇಳಿದ್ದು ನಿಂಗೆ?"

"ನಿಮ್ಮ ಜೇಬಲ್ಲಿರೋ ಕಾಗದದಲ್ಲಿ ಅರ್ಧ ಇದೆ ಸಾರ್. ಇನ್ನರ್ಧ ನಾನು ಮಾಡಿ ನೋಡಿದೆ."

ತಜ್ಞೆ ಬಂದ ದಿನ ಮುಖ್ಯಸ್ಥರು ಪರದೆಯ ಮೇಲೆ ನಲವತ್ತು ಚಿತ್ರ ತೋರಿಸಿದರು. ಆಕೆ ನಾಲ್ಕನೆಯ ಚಿತ್ರಕ್ಕೇ ಕನ್ನಡಕ ತೆಗೆದು ಒರೆಸಲು ಶುರುಮಾಡಿ ಕೊನೆಯವರೆಗೂ ಒರೆಸುತ್ತಲೇ ಇದ್ದರು. ಎಲ್ಲ ಮುಗಿದ ಮೇಲೆ ಎದ್ದು, ನೇರವಾಗಿ ಸಿಂಕಿನ ಹತ್ತಿರ ನಿಂತಿದ್ದ ಅಮೈಲೇಸಮ್ಮನ ಬಳಿಗೆ ಹೋದರು.

"ಉಗುಳು ಕೊಡೋದು ನೀವೇ ಅಲ್ವಾ? ಯಾವುದಾದ್ರೂ ಔಷಧಿ ತಗೋತೀರಾ?"

"ಅಕಾರ್ಬೋಸ್ ತಗೋತೀನಿ ಮೇಡಂ. ದಿನಕ್ಕೆ ಮೂರು, ಮೊದಲ ತುತ್ತಿನ ಜೊತೆ ಅಗಿದು."

ತಜ್ಞೆ ಮುಖ್ಯಸ್ಥರ ಕಡೆ ಒಮ್ಮೆ ನೋಡಿದರು. ಮುಖ್ಯಸ್ಥರು, "ಮಣ್ಣಿನ ಮೂಲದ್ದು" ಎಂದರು. ತಜ್ಞೆ ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಸ್ಟೂಲು ಎಳೆದುಕೊಂಡು ಕೂತು, ಏನೇನು ಮಾಡಿ ನೋಡಿದಿರಿ ಎಂದು ಕೇಳಿದರು. ಅಮೈಲೇಸಮ್ಮ ಬಾಯಿ ತೊಳೆದದ್ದು, ಬ್ರೆಡ್ಡು ಮಾತ್ರ ಅಗಿದದ್ದು, ಮಾತ್ರೆ ಸೇರಿಸಿ ಅಗಿದದ್ದು ಎಲ್ಲ ಹೇಳಿದಳು. ಇಬ್ಬರು ಹೆಂಗಸರೂ ಮುಕ್ಕಾಲು ಗಂಟೆ ಮಾತಾಡಿದರು. ಮುಖ್ಯಸ್ಥರು ಬಾಗಿಲಲ್ಲಿ ನಿಂತು ಚಹಾ ಆರುತ್ತಿದೆ ಎಂದು ಎರಡು ಸಲ ಹೇಳಿದರು.

ತಜ್ಞೆಯ ವರದಿ ಒಂದೇ ಪುಟದ್ದು. ಯೋಜನೆಯಲ್ಲಿ ಹೊಸದೇನೂ ಇಲ್ಲ; ಈ ವಿಭಾಗದಲ್ಲಿ ಕಿಣ್ವ ಪ್ರತಿಬಂಧವನ್ನು ಸರಿಯಾಗಿ ಅರಿತು, ಒಂದೊಂದಾಗಿ ಪರೀಕ್ಷಿಸಿ ನೋಡಿದವರು ಅಟೆಂಡರ್ ಹುದ್ದೆಯಲ್ಲಿರುವ ಮಹಿಳೆ, ಎಂದು ಅವರು ಬರೆದಿದ್ದರು. ಆಡಳಿತ ಕಚೇರಿ ಆ ವರದಿಯನ್ನು ಬಹಳ ಗಂಭೀರವಾಗಿ ತೆಗೆದುಕೊಂಡಿತು. ಹದಿನೈದು ದಿನದಲ್ಲಿ ಅಮೈಲೇಸಮ್ಮನ ಕೈಗೆ ಒಂದು ನೋಟಿಸು ಬಂತು: ಅಟೆಂಡರ್ ಹುದ್ದೆಯಲ್ಲಿದ್ದುಕೊಂಡು, ಮೇಲಧಿಕಾರಿಗಳ ಪೂರ್ವಾನುಮತಿ ಇಲ್ಲದೆ, ತಾವು ಸಂಶೋಧನೆ ನಡೆಸಿರುವುದು ಕಂಡುಬಂದಿದ್ದು, ಈ ಬಗ್ಗೆ ಏಳು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು.

ಅವಳು ನೋಟಿಸನ್ನು ಗಂಡನ ಮುಂದೆ ಹಿಡಿದಳು. ಗಂಡ ಮಷಿನ್ನು ನಿಲ್ಲಿಸಿ ಎರಡು ಸಲ ಓದಿದ.

"ನಿನ್ನ ಹುದ್ದೆಯ ಕೆಲಸ ಏನೇನು ಅಂತ ಎಲ್ಲಾದ್ರೂ ಬರೆದಿದೆಯಾ?"

"ಸೇರೋವಾಗ ಒಂದು ಕಾಗದ ಕೊಟ್ಟಿದ್ರು. ಗಾಜು ತೊಳೆಯೋದು, ನೆಲ ಒರೆಸೋದು, ಬೆಂಚು ಸಾಫು ಮಾಡೋದು, ಬೀಗ ಹಾಕೋದು."

"ಉಗಿಯೋದು?"

ಅವಳು ಟ್ರಂಕು ತೆಗೆದು ಕಾಗದ ಹುಡುಕಿದಳು. ಹನ್ನೊಂದು ಕರ್ತವ್ಯಗಳಿದ್ದವು. ಉಗಿಯುವುದು ಇರಲಿಲ್ಲ. ಲ್ಯಾಬಿನೊಳಗೆ ಉಗಿಯಬಾರದು ಎಂದು ಮಾತ್ರ ಒಂಬತ್ತನೆಯದಾಗಿ ಇತ್ತು.

ಗಂಡ ಹೇಳುತ್ತ ಹೋದ, ಅವಳು ಬರೆದಳು. ತಾನು ಇಷ್ಟು ವರ್ಷ ಹುದ್ದೆಗೆ ಮೀರಿದ ಕೆಲಸ ಮಾಡಿದ್ದು ನಿಜವೆಂದೂ, ನಿಯಮ ಒಂಬತ್ತನ್ನು ಮುರಿದಿದ್ದೂ ನಿಜವೆಂದೂ, ಅದಕ್ಕೆ ವಿಷಾದಿಸುವುದಾಗಿಯೂ, ಇನ್ನು ಮುಂದೆ ಹನ್ನೊಂದು ಕರ್ತವ್ಯಗಳನ್ನು ಬಿಟ್ಟು ಬೇರೇನನ್ನೂ ಮಾಡುವುದಿಲ್ಲವೆಂದೂ ಪತ್ರದಲ್ಲಿತ್ತು. ಕಚೇರಿಯಿಂದ ಉತ್ತರ ಬಂತು: ಸಮಜಾಯಿಷಿ ಒಪ್ಪಿದೆ, ಮುಂದೆ ಎಚ್ಚರವಿರಲಿ. ಅವಳಿಗೆ ತಲೆಯ ಮೇಲಿನ ಭಾರ ಇಳಿಸಿದಂತಾಯಿತು. ಮಧ್ಯಾಹ್ನ ಎಲ್ಲರ ಎದುರೇ ಡಬ್ಬಿ ಬಿಚ್ಚಿ, ಮಾತ್ರೆ ಅಗಿದು, ನಿಧಾನವಾಗಿ ಉಂಡಳು. ಬರಿಹೊಟ್ಟೆಯಲ್ಲಿ ಕಾಯುವ ಬೆಳಗುಗಳು ಮುಗಿದವು.

ವರ್ಷದ ಕೊನೆಯ ಪರೀಕ್ಷೆ ಬಂತು. ಕಿಣ್ವದ ಸೀಸೆಗೆ ಬೇಡಿಕೆ ಪತ್ರ ಹೋಗಿತ್ತು, ಸೀಸೆ ಬಂದಿರಲಿಲ್ಲ. ಚಿಕ್ಕ ಮೇಡಂಗೆ ಅದೇ ದಿನ ಬೇರೆ ಕಾಲೇಜಿನಲ್ಲಿ ಪರೀಕ್ಷೆಯ ಕೆಲಸ. ವಿದ್ಯಾರ್ಥಿಗಳ ಉಗುಳು ಬಳಸುವಂತಿಲ್ಲ, ಅದು ಅಭ್ಯರ್ಥಿ ತಂದ ಸಾಮಗ್ರಿ ಎನಿಸಿಕೊಳ್ಳುತ್ತದೆಂದು ಹೊಸ ಸುತ್ತೋಲೆಯೊಂದು ಬಂದಿತ್ತು. ಆ ಸುತ್ತೋಲೆಯ ಕರಡು ತಯಾರಿಸಿದವರು ಮುಖ್ಯಸ್ಥರೇ. ಪರೀಕ್ಷಕರು ಕೈಗಡಿಯಾರ ನೋಡುತ್ತಿದ್ದರು. ಮುಖ್ಯಸ್ಥರು ಅಮೈಲೇಸಮ್ಮನ ಹತ್ತಿರ ಬಂದು ದನಿ ತಗ್ಗಿಸಿದರು.

"ಏನಮ್ಮ, ಇವತ್ತೊಂದು ದಿನ."

"ಬರೆದುಕೊಟ್ಟಿದ್ದೀನಲ್ಲ ಸಾರ್. ಕಚೇರಿಯವ್ರು ಒಪ್ಪಿಯೂ ಆಗಿದೆ."

ಮುಖ್ಯಸ್ಥರು ಅವಳ ಕೈಯಲ್ಲಿದ್ದ, ಆಗಷ್ಟೆ ತೊಳೆದ ಬೀಕರನ್ನು ತೆಗೆದುಕೊಂಡು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಹತ್ತು ನಿಮಿಷದ ಮೇಲೆ ಹೊರಬಂದಾಗ ಮುಖ ಕೆಂಪಾಗಿತ್ತು, ಬಾಯಿ ಒಣಗಿತ್ತು. ಬೀಕರಿನ ತಳದಲ್ಲಿ ಬೆರಳಗಲದಷ್ಟೂ ಇರಲಿಲ್ಲ, ಅದರಲ್ಲೂ ಹೆಚ್ಚಿನದು ನೊರೆ. ಅಮೈಲೇಸಮ್ಮ ಬೀಕರನ್ನು ಬೆಳಕಿಗೆ ಹಿಡಿದು ನೋಡಿದಳು. ಅವಳಿಗೆ ನಗು ಬರಲಿಲ್ಲ. ನಿಜ ಹೇಳಬೇಕೆಂದರೆ ಸ್ವಲ್ಪ ಅಯ್ಯೋ ಎನ್ನಿಸಿತು.

"ಇದು ನಾಲ್ಕು ಜನಕ್ಕೆ ಆಗುತ್ತೆ ಸಾರ್" ಎಂದಳು. "ಈ ಬ್ಯಾಚಲ್ಲಿ ಇಪ್ಪತ್ತು ಮಕ್ಕಳಿದ್ದಾರೆ. ಮಧ್ಯಾಹ್ನ ಇನ್ನೊಂದು ಬ್ಯಾಚಿದೆ."

ಮುಖ್ಯಸ್ಥರು ಬೀಕರನ್ನು ಮರಳಿ ತೆಗೆದುಕೊಂಡು ಒಳಗೆ ಹೋದರು.